ಅಕ್ಕಿ ಆರೋಯ್ತು, ಎಸ್ರು ಉಳ್ಕೊಂತು

ಪಿಳ್ಳಮ್ಮನವರು ಕಟ್ಟಿದ ಹಾಡಿನಿಂದ ಪಿಳ್ಳಮ್ಮನವರ ಹೆಸರನ್ನು ಅಳಿಸಿದವನು ನಾನು. ಆಗ ತಿಳಿಯದೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ — ಅದು ಸುಳ್ಳು. ತಿಳಿದ ಮೇಲೆ ಮಾಡಿದೆ. ತಿದ್ದಲು ಒಂದು ಇಡೀ ಸಂಜೆ ಕೈಯಲ್ಲಿತ್ತು, ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಆಡಲಿಲ್ಲ.

ಮೊದಲು ಸಾಕ್ಷ್ಯ. ಎರಡು ಕಡೆ ತಾಳೆಯಾಗದ ದಿನಾಂಕವನ್ನು ನಾನು ಎಂದೂ ಒಪ್ಪಿದವನಲ್ಲ. ಪರರ ಪ್ರಬಂಧದಲ್ಲಿ ಒಂದು ತಾರೀಖು ತಪ್ಪಿದರೂ ತುಂಬಿದ ಸಭೆಯಲ್ಲಿ ಅವರ ಮುಖ ಇಳಿಯುವಂತೆ ಮಾಡಿದವನು. ಕಳೆದ ತಿಂಗಳು ಕೊಡಿಗೇಹಳ್ಳಿಯ ಸಮುದಾಯ ಬಾನುಲಿ ಕೇಂದ್ರ ಬೇರೆ ಕಟ್ಟಡಕ್ಕೆ ಹೋಯಿತು. ಅದರ ಸಂಚಾಲಕಿ ಶೈಲಜಾ ಹಳೆಯ ರಿಜಿಸ್ಟರುಗಳ ಒಂದು ಗೋಣಿಚೀಲವನ್ನು ಆರ್.ಟಿ. ನಗರದ ನನ್ನ ಮನೆಗೆ ತಂದು, "ಸರ್, ಡೇಟ್ ಅಂದ್ರೆ ನಿಮ್ಗೆ ಪ್ರಾಣ ಅಲ್ವಾ, ಇದನ್ನ ನೀವೇ ಸಾರ್ಟ್ ಮಾಡ್ಕೊಡಿ" ಎಂದು ಇಳಿಸಿ ಹೋದಳು. ಅದರೊಳಗಿನ ಸಂದರ್ಶಕರ ಪುಸ್ತಕದ ಒಂದು ಪುಟದಲ್ಲಿ ನನ್ನ ಸಹಿ ಇದೆ. ಅದರ ಕೆಳಗೆ, ನಾಲ್ಕನೆಯ ಸಾಲಿನಲ್ಲಿ, ಒಂದು ಎಡಗೈ ಹೆಬ್ಬೆಟ್ಟು. ಪಕ್ಕದಲ್ಲಿ ಬೇರೆ ಯಾರದೋ ಕೈಬರಹದಲ್ಲಿ "ಪಿಳ್ಳಮ್ಮ, ಜಕ್ಕೂರು". ನನ್ನ ನೆನಪಿನ ಪ್ರಕಾರ ನಾನು ಅವರನ್ನು ಕಂಡದ್ದು ಹಾಡು ಪ್ರಸಾರವಾದ ಮೇಲೆ — ಎಷ್ಟು ಅನುಕೂಲದ ನೆನಪು! ಪುಸ್ತಕದಲ್ಲಿದ್ದದ್ದು ಪ್ರಸಾರದ ಹಿಂದಿನ ದಿನ, ಶುಕ್ರವಾರ. ನಂಬದೆ ಆ ವರ್ಷದ ಜೇಬು ಡೈರಿಯನ್ನು ಹುಡುಕಿ ತೆಗೆದೆ. ಅಲ್ಲಿಯೂ ಶುಕ್ರವಾರವೇ. ದಿನಾಂಕವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಬರಹಕ್ಕೆ ಸಂಶೋಧನೆಯ ಮರ್ಯಾದೆ ಬಂದುಬಿಡುತ್ತದೆ.

ಆ ಕೇಂದ್ರದ ಬಗ್ಗೆ ನನಗೆ ಗೌರವವಿರಲಿಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಒಂದು ಬೇಕರಿಯ ಮೇಲಿನ ಎರಡು ಕೋಣೆ; ಗೋಡೆಗಳಿಗೆ ಹಳೆಯ ಕಂಬಳಿ ಹೊಡೆದು ಅದನ್ನೇ ಸ್ಟುಡಿಯೋ ಎನ್ನುತ್ತಿದ್ದರು. ಹೆಬ್ಬಾಳದ ಮೇಲ್ಸೇತುವೆ ದಾಟಿದರೆ ಅವರ ಧ್ವನಿ ಗೊರಗೊರ ಎಂದು ಸಾಯುತ್ತಿತ್ತು. ವರ್ಷಕ್ಕೊಮ್ಮೆ ಒಂದು ವಾರ ಅಲ್ಲಿ ಕವಿಗಳನ್ನೂ ಲೇಖಕರನ್ನೂ ಆಡುಮಾತನ್ನೂ ಕೊಂಡಾಡುವ ಕಾರ್ಯಕ್ರಮ. ಯಲಹಂಕದಿಂದ ಯಶವಂತಪುರದವರೆಗಿನ ನಿವೃತ್ತ ಕವಿಗಳೆಲ್ಲ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಬಾನುಲಿಯಲ್ಲಿ ಯಾರಿಗೂ ಕಾಣದ ಶಾಲನ್ನು ಹೊದ್ದುಕೊಂಡು ಬರುತ್ತಿದ್ದರು. ಒಬ್ಬರ ಕವಿತೆಯನ್ನು ಇನ್ನೊಬ್ಬರು ಕೇಳುತ್ತಿರಲಿಲ್ಲ. ತಮ್ಮ ಸರದಿ ಮುಗಿದೊಡನೆ ಕೆಳಗಿಳಿದು ಬೇಕರಿಯಲ್ಲಿ ಖಾರಾ ಬನ್ ತಿನ್ನುತ್ತಿದ್ದರು. ನಾನು ಅವರನ್ನೆಲ್ಲ ಮನಸಾರೆ ತಿರಸ್ಕರಿಸುತ್ತಿದ್ದೆ. ಆದರೂ ಪ್ರತಿ ವರ್ಷ ಹೋಗುತ್ತಿದ್ದೆ. ನನ್ನನ್ನು "ವಿದ್ವಾಂಸರು" ಎಂದು ಪರಿಚಯಿಸುವ ಜಾಗ ನಿವೃತ್ತಿಯ ಮೇಲೆ ಅದೊಂದೇ ಉಳಿದಿತ್ತು.

ಆ ವರ್ಷ ಊರ ಹಾಡುಗಾರ್ತಿಯರ ಸ್ವಂತ ರಚನೆಗಳಿಗೂ ಒಂದು ಬೆಳಗನ್ನು ಮೀಸಲಿಟ್ಟಿದ್ದರು. ಯಾವುದು ಸ್ವಂತದ್ದು, ಯಾವುದು ಹಳೆಯ ಜನಪದ ಎಂದು ತೀರ್ಮಾನಿಸುವ ಹೊಣೆ ನನ್ನದು. ಶೈಲಜಾ ಧ್ವನಿಮುದ್ರಣಗಳನ್ನು ಮನೆಗೆ ಕಳಿಸಿದಳು. ಹಾಡಿದವರ ಮುಖ ನೋಡುವ ಅಗತ್ಯ ನನಗೆ ಕಾಣಲಿಲ್ಲ. ಅವುಗಳಲ್ಲಿ ಒಂದು ಹಾಡಿನ ಮೊದಲ ನುಡಿ ಹೀಗಿತ್ತು, ಕೇಳಿದ ಹಾಗೆಯೇ ಬರೆಯುತ್ತೇನೆ:

ಮೊರದಾಗೆ ಆಕಿದ್ದೆ, ಸೆರಗ ಮುಚ್ಚಿದ್ದೆ,
ಎಸ್ರಿಟ್ಟು ತಿರುಗಿ ನೋಡೋದ್ರೊಳಗೆ
ಅಕ್ಕಿ ಆರೋಯ್ತು, ಎಸ್ರು ಉಳ್ಕೊಂತು.

ನಾನು ಧಾರವಾಡ ಸೀಮೆಯವನು. ನಮ್ಮ ಕಡೆ ಹಕಾರವನ್ನು ಹೊಟ್ಟೆಯಿಂದ ಎತ್ತಿ ಆಡುತ್ತೇವೆ. ಈ ಊರಿಗೆ ಬಂದು ನಲವತ್ತು ವರ್ಷವಾದರೂ, 'ಹಿಂಗೆ' ಎನ್ನಲಾರದೆ 'ಇಂಗೆ' ಎನ್ನುವ ಸುತ್ತಲ ಹಳ್ಳಿಗಳ ನಾಲಗೆಯನ್ನು ಕಿವಿಗೊಟ್ಟು ಕೇಳಿದವನಲ್ಲ. ಸೋಮಾರಿ ಉಚ್ಚಾರ ಎಂದು ನಕ್ಕವನು. ಹಾಗಾಗಿ ಬರೆದೆ: ಮೊರದಲ್ಲಿ ಅಕ್ಕಿ ಹಾಕಿ ಸೆರಗಿನಿಂದ ಮುಚ್ಚಿದ್ದಾಳೆ; ಅಕ್ಕಿ ಬೇಯಲು ಒಲೆಯ ಮೇಲೆ ನೀರು, ಅಂದರೆ ಎಸರು, ಇಟ್ಟಿದ್ದಾಳೆ; ಅಷ್ಟರಲ್ಲಿ ಯಜಮಾನರ ಮನೆಯ ದುಡಿಮೆಗೆ ಕರೆ ಬಂದಿದೆ; ತಿರುಗಿ ಬರುವಾಗ ತೊಳೆದ ಅಕ್ಕಿ ಒಣಗಿ ಆರಿಹೋಗಿದೆ, ಎಸರು ಮಾತ್ರ ಉಳಿದಿದೆ. ಯಜಮಾನನ ಸುಳಿವು ಹಾಡಿನಲ್ಲಿ ಎಲ್ಲಿಯೂ ಇರಲಿಲ್ಲ. ನಾನೇ ತಂದು ಕೂರಿಸಿದೆ. ಅದು ಬತ್ತ ಕುಟ್ಟುವ ಹೆಂಗಸರ ಹಳೆಯ ಪದವೆಂದೂ, ಯಾರೊಬ್ಬರ ರಚನೆಯೂ ಆಗಿರಲು ಸಾಧ್ಯವಿಲ್ಲವೆಂದೂ ಸಾಧಿಸಿದೆ. ಹನ್ನೊಂದು ಪುಟ. ಅಡಿಟಿಪ್ಪಣಿಗಳು ಬೇರೆ. ಶನಿವಾರ ಬೆಳಗಿನ ಪಟ್ಟಿಯಲ್ಲಿ 'ರಚನೆ: ಅಜ್ಞಾತ, ಸಂಗ್ರಹ ಮತ್ತು ವ್ಯಾಖ್ಯಾನ' ಎಂದಾಗಿ, ಮುಂದೆ ನನ್ನ ಹೆಸರು.

ಶುಕ್ರವಾರ ಮಧ್ಯಾಹ್ನ ನನ್ನ ಪುಟಗಳನ್ನು ಒಪ್ಪಿಸಲು ಕೇಂದ್ರಕ್ಕೆ ಹೋಗಿದ್ದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು.

"ಸರ್, ಇವ್ರೇ ಪಿಳ್ಳಮ್ಮ. ಆ ಹಾಡು ಇವ್ರೇ ಕಟ್ಟಿದ್ದಂತೆ. ಸ್ವಲ್ಪ ಕೇಳಿ ಸರ್, ಪ್ಲೀಸ್" ಎಂದಳು ಶೈಲಜಾ.

"ನೀವು ಹಾಡಿದ್ದು ಹೌದು. ಕಟ್ಟಿದ್ದು ಯಾರು?" ಎಂದೆ.

"ಆಡಿದ್ದೂ ನಾನೇ, ಕಟ್ಟಿದ್ದೂ ನಾನೇ ಸ್ವಾಮಿ. ಇನ್ಯಾರ್ ಕಟ್ತಾರೆ, ನಮ್ಮನೆ ಎಮ್ಮೆನಾ?"

ಶೈಲಜಾ ನಕ್ಕಳು. ನಾನು ನಗಲಿಲ್ಲ, ಪುಟ ತೆರೆದು ಮೊದಲ ಪ್ಯಾರಾವನ್ನು ಗಟ್ಟಿಯಾಗಿ ಓದಿದೆ. ಅವರು ತಲೆ ಓರೆ ಮಾಡಿ ಕೇಳಿ, ಅಲ್ಲ ಎಂಬಂತೆ ಕೈ ಆಡಿಸಿದರು.

"ಅಕ್ಕಿ ಅಲ್ಲ ಸ್ವಾಮಿ. ಅಕ್ಕಿ!"

"ಅದನ್ನ ಓದೀನಿ, ಅವ್ವಾ. ಅಕ್ಕಿ."

"ತಿನ್ನೋ ಅಕ್ಕಿ ಅಲ್ಲ. ಆರೋ ಅಕ್ಕಿ, ಆರೋ ಅಕ್ಕಿ!"

"ಹೌದ್ರೀ, ಬಿಸಿಲಿಗೆ ಆರೋ ಅಕ್ಕಿ. ಅದರ ಮ್ಯಾಲೇ ಹನ್ನೊಂದು ಪುಟ ಬರ್ದೀನಿ."

"ಅಯ್ಯೋ ಶಿವನೇ, ಈ ಸ್ವಾಮೇರ್ಗೆ ಕಿವಿ ಕೇಳ್ಸಲ್ವಾ?"

ಒಳಕೋಣೆಯಿಂದ ಯಾರೋ ಕರೆದರೆಂದು ಶೈಲಜಾ ಅತ್ತ ಹೋದಳು. ಆಗ ಪಿಳ್ಳಮ್ಮನವರು ನನ್ನ ಮುಖದ ಮುಂದೆ ಎರಡೂ ಹೆಬ್ಬೆರಳುಗಳನ್ನು ಹೆಣೆದು, ಉಳಿದ ಬೆರಳುಗಳನ್ನು ರೆಕ್ಕೆಯಂತೆ ಬಡಿಯುತ್ತ, ಕೈಗಳನ್ನು ಮೆಲ್ಲನೆ ಎತ್ತಿ ಕಿಟಕಿಯತ್ತ ಬಿಟ್ಟರು.

ಹಕ್ಕಿ.

ಹಕ್ಕಿ ಹಾರಿಹೋಯ್ತು. ಹೆಸರು ಉಳ್ಕೊಂತು. ಎಸರಿಟ್ಟದ್ದಲ್ಲ — ಹೆಸರಿಟ್ಟದ್ದು. ಇನ್ನು ಮೊರ? ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಮೊರದಲ್ಲಿ. ಆ ಪದ್ಧತಿಯ ಬಗ್ಗೆ ನನ್ನ ಚೀಟಿಗಳ ಪೆಟ್ಟಿಗೆಯಲ್ಲಿ ನನ್ನದೇ ಕೈಬರಹದ ಚೀಟಿಯೊಂದಿದೆ. ಇಡೀ ಹಾಡು ಒಂದೇ ಕ್ಷಣದಲ್ಲಿ ತಿರುಗಿ ನಿಂತಿತು. ಕೂಸನ್ನು ಕಳೆದುಕೊಂಡ ತಾಯಿ ಎದುರಿಗಿದ್ದರು, ಅವರ ಕೈಗಳು ಇನ್ನೂ ಗಾಳಿಯಲ್ಲಿದ್ದವು, ನನಗೆ ತಿಳಿಯಿತೋ ಇಲ್ಲವೋ ಎಂದು ನೋಡುತ್ತಿದ್ದರು. ನಾನು — ನನ್ನ ಹನ್ನೊಂದು ಪುಟಗಳನ್ನು ನೋಡಿದೆ.

ಶೈಲಜಾ ತಿರುಗಿ ಬಂದಳು. "ಏನಂತೆ ಸರ್? ಇವ್ರ ಹೆಸ್ರು ಹಾಕೋದಾ?"

"ಹಾಡೋದು ಬ್ಯಾರೆ, ಕಟ್ಟೋದು ಬ್ಯಾರೆ" ಎಂದೆ. "ಅಜ್ಞಾತ ಅಂತನ ಇರ್ಲಿ."

ಇಷ್ಟೇ ನಾನು ಆಡಿದ್ದು. ಧ್ವನಿ ನಡುಗಲಿಲ್ಲ, ಅಭ್ಯಾಸವಿತ್ತು.

ಪಿಳ್ಳಮ್ಮನವರು ನನ್ನನ್ನು ಒಂದು ಗಳಿಗೆ ನೋಡಿದರು. "ಅಗ್ನಾತ ಅಂದ್ರೆ ಯಾರು ಸ್ವಾಮಿ? ನಮ್ಮೂರೋರಂತೂ ಅಲ್ಲ ಬುಡಿ" ಎಂದು ಸೆರಗನ್ನು ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಶನಿವಾರ ಬೆಳಗ್ಗೆ ಹಾಡು ಪ್ರಸಾರವಾಯಿತು. ಅದರ ಹಿಂದೆಯೇ ನನ್ನ ವ್ಯಾಖ್ಯಾನ, ಹಾಡಿನ ನಾಲ್ಕರಷ್ಟು ಉದ್ದ. 'ಅಕ್ಕಿ' ಎಂದಾಗಲೆಲ್ಲ ಎದುರಿನ ಮೈಕಿಗೆ ರೆಕ್ಕೆ ಮೂಡುವುದೋ ಎಂದು ಅಂಜಿದೆ, ಮೂಡಲಿಲ್ಲ. ಜುಬ್ಬದ ಕವಿಗಳು ಕೈ ಕುಲುಕಿದರು. "ಎಸರಿನ ಪ್ರತಿಮೆ ಅದ್ಭುತ ಸಾರ್" ಎಂದರು ಒಬ್ಬರು. ಅವರನ್ನು ಅಂದು ಎಷ್ಟು ಹೀನವಾಗಿ ಕಂಡೆ — ಸುಳ್ಳನ್ನು ಗುರುತಿಸಲಾರದ ಮೂಢರು ಎಂದು! ಸುಳ್ಳು ಹೇಳಿದವನು ಯಾರು ಎಂಬುದನ್ನು ಆ ತಿರಸ್ಕಾರದ ಕೆಳಗೆ ಸಲೀಸಾಗಿ ಮುಚ್ಚಿಟ್ಟೆ. ಆ ಮುದ್ರಣವನ್ನು ಮುಂದಿನ ವರ್ಷಗಳಲ್ಲೂ ಅದೇ ವಾರದಲ್ಲಿ ಮತ್ತೆ ಮತ್ತೆ ಹಾಕಿದರು. ನನ್ನ ವ್ಯಾಖ್ಯಾನವನ್ನು ಇಬ್ಬರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದರು. ಆ ಲೇಖನಗಳಲ್ಲಿದ್ದ ಮುದ್ರಣದೋಷಗಳನ್ನು ಪತ್ರ ಬರೆದು ತಿದ್ದಿಸಿದೆ. ಅದನ್ನು ಮಾತ್ರ.

ಸಂದರ್ಶಕರ ಪುಸ್ತಕದ ಆ ಪುಟವನ್ನು ಕಂಡ ಮೂರನೆಯ ದಿನ ಜಕ್ಕೂರಿಗೆ ಹೋದೆ. ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಹಳೆಯ ಊರು ಇನ್ನೂ ಉಸಿರಾಡುತ್ತಿದೆ. ಒಂದು ಪೆಟ್ಟಿಗೆ ಅಂಗಡಿಯಲ್ಲಿ ಪಿಳ್ಳಮ್ಮನವರ ಮನೆ ಕೇಳಿದೆ.

"ಯಾವ್ ಪಿಳ್ಳಮ್ಮ ಗುರುಗಳೇ? ಇಲ್ಲಿ ನಾಕೈದ್ ಜನ ಅವ್ರೆ."

"ಹಾಡು ಕಟ್ಟತಾರಲ್ಲ, ಅವರು."

"ಓ, ಅಂಸನ್ ಅಮ್ಮ! ಅಂಗನ್ನಿ ಮತ್ತೆ."

"ಹಂಸ ಅಂದ್ರ ಮಗಳೇನು?"

"ಒಂದ್ ಕೂಸಿತ್ತಂತೆ ಗುರುಗಳೇ, ನಾವ್ಯಾರೂ ನೋಡಿಲ್ಲ. ಆವಮ್ಮನ್ನ ಅಂಗೇ ಕರ್ಯೋದು ಎಲ್ರೂ."

ಹಂಸ. ಹಕ್ಕಿಯ ಹೆಸರು. ಕೂಸು ಹೋದರೂ ಹೆಸರು ಉಳ್ಕೊಂಡಿತ್ತು; ಊರಿಗೆ ಊರೇ ಆ ನುಡಿಯ ಕೊನೆಯ ಎರಡು ಪದಗಳನ್ನು ದಿನವೂ ಬಾಯಲ್ಲಿಟ್ಟುಕೊಂಡು ಓಡಾಡುತ್ತಿತ್ತು. ನಾನು ಮಾತ್ರ ಅದನ್ನು ಬತ್ತ ಕುಟ್ಟುವ ಒರಳಿಗೆ ಹಾಕಿದ್ದೆ.

ಅವರು ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದರು. ನನ್ನನ್ನು ಕಂಡೊಡನೆ ಗುರುತು ಹಿಡಿದರು.

"ಓ, ಅಕ್ಕಿ ಸ್ವಾಮೇರು! ಬೆಂತಾ ನಿಮ್ಮಕ್ಕಿ?"

ನಿಂತೇ ಎಲ್ಲವನ್ನೂ ಹೇಳಿದೆ. ಕೈಯ ಹಕ್ಕಿಯನ್ನು ಕಂಡಾಗಲೇ ಅರ್ಥವಾಗಿತ್ತು ಎಂದೆ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ನಂಗೊತ್ತು ಬುಡಿ. ನಿಮ್ ಮಕ ನೋಡ್ದೆ ಅವತ್ತೇ. ತಿಳೀತು ನಿಮ್ಗೆ, ಬಾಯ್ ಮುಚ್ಕೊಂಡ್ರಿ. ಓದಿರೋರ್ ಜೊತೆ ಏನ್ ಜಗಳ ಅಂತ ಎದ್ ಬಂದೆ."

ಇಷ್ಟು ವರ್ಷ ನಾನು ಗುಟ್ಟೆಂದು ಕಾಪಾಡಿದ್ದು ಅವರ ಮಟ್ಟಿಗೆ ಗುಟ್ಟೇ ಆಗಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ; ಕೈಯೆತ್ತಿ ತಡೆದರು.

"ಅವತ್ತು ಒಲೆ ಮ್ಯಾಲೆ ಎಸ್ರೂ ಇಟ್ಟಿದ್ದೆ ಸ್ವಾಮಿ. ಮೊರದಾಗೆ ಮಲಗ್ಸಿ, ಎಸ್ರು ಕಾಯ್ತೇನೋ ಅಂತ ಒಳೀಕ್ ಓದೆ. ತಿರುಗಿ ಬರೋ ಒತ್ಗೆ..." ಸೊಪ್ಪಿನ ದಂಟೊಂದನ್ನು ಮುರಿದರು. "ಎಲ್ಡೂ ಐತೆ ಆ ಪದದಾಗೆ. ಎಲ್ಡೂ."

ಅದು ಶ್ಲೇಷೆ. ಒಂದೇ ಮಾತಿನಲ್ಲಿ ಎರಡು ಅರ್ಥ ಹೆಣೆಯುವ ಆ ಕಲೆಯ ಬಗ್ಗೆ ಇಡೀ ವೃತ್ತಿಜೀವನ ಪಾಠ ಹೇಳಿದ್ದೇನೆ. ಹಕಾರವಿಲ್ಲದ ನಾಲಗೆಯಲ್ಲಿ ಮಾತ್ರ ಹುಟ್ಟಬಹುದಾದ ಶ್ಲೇಷೆಯನ್ನು ಹೆಬ್ಬೆಟ್ಟಿನ ಹೆಣ್ಣುಮಗಳೊಬ್ಬರು ತಮ್ಮ ಕೂಸಿನ ಸಾವಿನಿಂದ ಕಟ್ಟಿದ್ದರು. ನನ್ನ ಬಗ್ಗೆ ಇನ್ನೊಂದನ್ನು ಹೇಳದಿದ್ದರೆ ಈ ನಿವೇದನೆ ಅರ್ಧವಾಗುತ್ತದೆ: ಅವರ ಮಾತು ಕೇಳಿದ ಮೊದಲ ಕ್ಷಣ ನನಗಾದದ್ದು ದುಃಖವಲ್ಲ. ಹಾಗಾದರೆ ನನ್ನ ಹನ್ನೊಂದು ಪುಟ ಪೂರ್ತಿ ತಪ್ಪಲ್ಲ ಎಂಬ ಸಮಾಧಾನ. ಆ ಬಾಗಿಲಲ್ಲಿ, ಆ ತಾಯಿಯ ಎದುರಿನಲ್ಲಿ ನಿಂತು — ಅಂಕ ಎಣಿಸಿಕೊಂಡೆ. ಜುಬ್ಬದ ಕವಿಗಳಿಗೆಂದು ಕೂಡಿಟ್ಟ ತಿರಸ್ಕಾರವೆಲ್ಲ ನನಗೊಬ್ಬನಿಗೇ ಸಾಲದಾಯಿತು.

ಶನಿವಾರ ಬೆಳಗ್ಗೆ ಅದೇ ಹೊತ್ತಿನಲ್ಲಿ ಬಾನುಲಿಯಲ್ಲಿ ನಿಜ ಹೇಳುತ್ತೇನೆ, ನಿಮ್ಮ ಹೆಸರು ಹೇಳುತ್ತೇನೆ ಎಂದೆ.

"ಪಿಳ್ಳಮ್ಮ ಅಂತ ಬ್ಯಾಡ. ನಾಕೈದ್ ಜನ ಅವ್ರೆ. ಅಂಸನ್ ಅಮ್ಮ ಅಂತ ಏಳಿ. ಕೂಸ್ನೆಸ್ರು ಒಂದ್ ಕಿತ ಗಾಳೀಲಿ ಓಗ್ಲಿ."

ಹಳೆಯ ಚಟ, ಕೂಸು ಹೋದದ್ದು ಯಾವಾಗ, ತಾರೀಖು ನೆನಪಿದೆಯೇ ಎಂದು ಕೇಳಿಬಿಟ್ಟೆ.

"ತಾರೀಕ್ ತಗೊಂಡ್ ಏನ್ ಮಾಡ್ತೀರಾ? ಎಸ್ರಿಟ್ಟು ಎಂಟನೇ ದಿನ" ಎಂದು ಮೊರವನ್ನೆತ್ತಿಕೊಂಡು ಒಳಗೆ ಹೋದರು.

ಈ ಬರಹವನ್ನು ನಾಡಿದ್ದು ಶನಿವಾರ ಓದುತ್ತೇನೆ. ಶೈಲಜಾಗೆ ಹೇಳಿಯಾಗಿದೆ. ಹಾಡಿನ ಹಳೆಯ ಚೀಟಿಯಲ್ಲಿ 'ಅಜ್ಞಾತ' ಎಂಬುದನ್ನು ಹೊಡೆದುಹಾಕಿ 'ಅಂಸನ್ ಅಮ್ಮ' ಎಂದು ಬರೆದೆ. ಹಕಾರ ಸೇರಿಸಲು ಪೆನ್ನು ಎದ್ದಿತು, ಕೆಳಗಿಟ್ಟೆ. ದಿನಾಂಕದ ಜಾಗದಲ್ಲಿ: ಎಸ್ರಿಟ್ಟು ಎಂಟನೇ ದಿನ.

ತಾಳೆ ನೋಡಿಲ್ಲ.