ಕೂದಲು ಬಂದರೆ ಗುಣವಾದಂತಲ್ಲ

ಬೆಳಕು ಹರಿಯುವ ಹೊತ್ತಿಗೇ ಕುವೈತಿನ ಫಿಂಟಾಸಿನಲ್ಲಿ ಗಾಳಿ ಬಿಸಿಯೇರಿದೆ. ಪ್ರಾಣಿ ಚಿಕಿತ್ಸಾಲಯದ ಹಿಂಬದಿಯ ಸ್ನಾನದ ಕೋಣೆಯಲ್ಲಿ ಮಗ್ದಲೀನ್ ಬಕೆಟ್ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಾರೆ. ಬೇಸಿಗೆಯಲ್ಲಿ ಇಲ್ಲಿನ ನಲ್ಲಿ ತಿರುಗಿಸಿದರೆ ಬರುವುದು ಸುಡುನೀರು. ಹಾಗಾಗಿ ಹಿಂದಿನ ಸಂಜೆಯೇ ಏಸಿಯ ಕೆಳಗೆ ನೀರು ತುಂಬಿಸಿಟ್ಟು ತಣಿಸುತ್ತಾರೆ. ಮೇಜಿನ ಮೇಲೆ ಬೀದಿಯಿಂದ ಯಾರೋ ತಂದುಬಿಟ್ಟ ಹೆಣ್ಣುನಾಯಿ ನಿಂತಿದೆ. ಕಿವಿಯಂಚು, ಮೊಣಕಾಲುಗಳಲ್ಲಿ ಕೂದಲಿಲ್ಲ. ಚರ್ಮ ಆನೆಯದರಂತೆ ದಪ್ಪಗಟ್ಟಿದೆ. ಗಂಧಕದ ಮದ್ದು ನೀರಿಗೆ ಬೀಳುತ್ತಲೇ ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬುತ್ತದೆ.

"ಇದನ್ನು ಹೊಯ್ದ ಮೇಲೆ ತೊಳೀಲಿಕ್ಕಿಲ್ಲ, ಒರೆಸ್ಲಿಕ್ಕೂ ಇಲ್ಲ. ಹಾಗೇ ಒಣಗ್ಬೇಕು. ಅಷ್ಟು ಹೊತ್ತು ನಾನೂ ಒಟ್ಟಿಗೆ ನಿಲ್ಬೇಕು, ಇಲ್ಲದಿದ್ರೆ ನೆಕ್ಕಿಬಿಡ್ತದೆ," ಎನ್ನುತ್ತಾರೆ ನಾಯಿಯ ಗದ್ದ ಹಿಡಿದುಕೊಂಡೇ.

ಮಗ್ದಲೀನ್ ಉಡುಪಿ ಕಡೆಯ ಶಂಕರಪುರದವರು. ಮನೆಗೆಲಸಕ್ಕೆಂದು ಕುವೈತಿಗೆ ಬಂದವರು. ಆ ಮನೆಯ ಮಕ್ಕಳು ಬೆಳೆದು ಕೆಲಸ ಮುಗಿದಾಗ ವೀಸಾ ಕೊಟ್ಟ ಯಜಮಾನ, ಕಫೀಲನೇ, ಅವರನ್ನು ತನ್ನ ಸಂಬಂಧಿಕರ ಈ ಚಿಕಿತ್ಸಾಲಯಕ್ಕೆ ಸೇರಿಸಿದ. ನೆಲ ಒರೆಸಲು ಬಂದವರ ಕೈಗೆ ಮೊದಲ ವಾರವೇ ಕಜ್ಜಿನಾಯಿಗಳು ಬಂದವು. ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಕಜ್ಜಿಯಲ್ಲಿ ಎರಡು ಬಗೆ ಎಂಬುದನ್ನು ಅವರಿಗೆ ಕಲಿಸಿದವರು ಇಲ್ಲಿನ ವೈದ್ಯ, ಧಾರವಾಡ ಕಡೆಯ ಶ್ಯಾಮಸುಂದರ್. ಒಂದು ಹರಡುವಂಥದ್ದು, ಹಿಡಿದವರ ಕೈಗೂ ಕೆಲವು ದಿನ ತುರಿಕೆ ಕೊಡುತ್ತದೆ. ಇನ್ನೊಂದು ನಾಯಿಯ ಕೂದಲ ಬುಡದಲ್ಲೇ ಇರುವ ಹುಳು, ಮೈಯ ಶಕ್ತಿ ಕುಂದಿದಾಗ ಮಿತಿಮೀರಿ ಬೆಳೆಯುವಂಥದ್ದು. ಅದು ಮನುಷ್ಯರಿಗೆ ಅಂಟುವುದಿಲ್ಲ. ಚರ್ಮ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೇ ಯಾವುದೆಂದು ತಿಳಿಯುವುದು. ಡಾಕ್ಟರ್ ಕೆರೆಯುವಾಗ ನಾಯಿಯನ್ನು ಅಪ್ಪಿ ಹಿಡಿಯುವವರು ಮಗ್ದಲೀನ್.

ಪೋಲೋಗೆ ಬಂದಿದ್ದದ್ದು ಎರಡನೆಯ ಬಗೆಯದು. ಪೋಲೋ ಹಿಮದ ನಾಡಿನ ತಳಿಯ ಹಸ್ಕಿ. ಹತ್ತಿರದ ಎಗೈಲಾದಲ್ಲಿರುವ ಕ್ಲೇಟನ್ ಎಂಬವರು, ಮಗ್ದಲೀನ್ ಊರಿನ ಕಡೆಯವರೇ, ರಜೆಗೆ ಹೋಗುವಾಗ ಚಿಕಿತ್ಸಾಲಯದಲ್ಲಿ ಬಿಟ್ಟುಹೋದ ನಾಯಿ. ರಜೆ ಮುಗಿದರೂ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಅಷ್ಟರಲ್ಲಿ ಪೋಲೋನ ಮುಖ, ಎದೆ, ಬೆನ್ನು ಬೋಳಾಗಿ ಕೀವು ಕಟ್ಟಿತ್ತು. ಮಗ್ದಲೀನ್ ಮಾತ್ರೆಯನ್ನು ಮೀನಿನ ತುಂಡಿನೊಳಗಿಟ್ಟು ತಿನ್ನಿಸಿದರು, ವಾರ ತಪ್ಪದೆ ಮದ್ದಿನ ಸೋಪು ಹಚ್ಚಿ ಮೀಯಿಸಿದರು. ಚಳಿಗಾಲದ ಹೊತ್ತಿಗೆ ಬೆಳ್ಳಗಿನ ಕೂದಲು ಮತ್ತೆ ಬಂತು. ಖುಷಿಗೆ ಒಂದು ಫೋಟೋ ತೆಗೆದು ಕ್ಲೇಟನ್‌ಗೆ ಕಳಿಸಿದರು.

ಆ ಶುಕ್ರವಾರವೇ ಇಡೀ ಕುಟುಂಬ ಬಂತು. ಮಕ್ಕಳು ನಾಯಿಯನ್ನು ತಬ್ಬಿಕೊಂಡರು.

"ಈಗ ಒಯ್ಯಬ್ಯಾಡ್ರಿ," ಎಂದರು ಶ್ಯಾಮಸುಂದರ್. "ಕೂದಲಾ ಬಂತಂದ್ರ ಜಡ್ಡು ಹೋತು ಅಂತಲ್ಲ. ಒಳಗ ಹುಳ ಇನ್ನೂ ಅದಾವ. ಒಯ್ಯೂದಾದ್ರ ಗುಳಿಗಿ ನಿಲ್ಲಿಸಬ್ಯಾಡ್ರಿ. ತಿಂಗಳಿಗೊಮ್ಮಿ ತಂದು ತೋರಸ್ರಿ."

ಮಗ್ದಲೀನ್ ಅದನ್ನೇ ಕೊಂಕಣಿಯಲ್ಲಿ ಮತ್ತೊಮ್ಮೆ ಹೇಳಿದರು. ಕ್ಲೇಟನ್ "ಆಯ್ತು ಆಂಟಿ" ಎಂದು ನಾಯಿಯನ್ನು ಕರೆದೊಯ್ದರು. ಮತ್ತೆ ಬರಲಿಲ್ಲ.

ಬೇಸಿಗೆ ಶುರುವಾದಾಗ ಪೋಲೋ ವಾಪಸಾಯಿತು, ಕಾರಿನ ಡಿಕ್ಕಿಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ. ಮಾತ್ರೆ ನಿಲ್ಲಿಸಿದ್ದರು. ಕಜ್ಜಿ ಮರುಕಳಿಸಿದಾಗ ಯಾರದೋ ಮಾತು ಕೇಳಿ ಮೈತುಂಬ ಹಳೇ ಇಂಜಿನ್ ಆಯಿಲ್ ಬಳಿದಿದ್ದರು. ನಾಯಿ ಅದನ್ನೆಲ್ಲ ನೆಕ್ಕಿತ್ತು. ಚರ್ಮ ಸುಲಿದಿತ್ತು, ಬಾಯಿಯೊಳಗೆ ಹುಣ್ಣು.

"ನನ್ನ ಸ್ವರ ಕೇಳಿ ಬಾಲ ಆಡಿಸ್ತು. ಬಾಲದಲ್ಲಿ ಮಾತ್ರ ಕೂದಲು ಉಳಿದಿತ್ತು," ಎಂದು ಮಗ್ದಲೀನ್ ಕಿಟಕಿಯತ್ತ ತಿರುಗುತ್ತಾರೆ. ಎಣ್ಣೆ ತೆಗೆಯಲು ಪಾತ್ರೆ ತೊಳೆಯುವ ಸೋಪು ಹಚ್ಚಿ ತೊಳೆದರು, ಡಾಕ್ಟರ್ ಡ್ರಿಪ್ ಹಾಕಿದರು. ಮೂತ್ರಪಿಂಡ ಕೆಟ್ಟಿತ್ತು. ಪೋಲೋ ಉಳಿಯಲಿಲ್ಲ.

ಕ್ಲೇಟನ್ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: "ಈ ಕಜ್ಜಿ ನಿಮ್ಮಲ್ಲಿಂದಲೇ ಅಲ್ವಾ ಅಂಟಿದ್ದು?" ಮರುದಿನ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂತು. ಚಿಕಿತ್ಸಾಲಯಕ್ಕೆ ನಾಯಿ ಬಿಡಬೇಡಿ, ಅಲ್ಲಿ ನಾಯಿ ಮೀಯಿಸುವ ಹೆಂಗಸು ಕಜ್ಜಿ ಹರಡುತ್ತಾಳೆ ಎಂದು. ಫರ್ವಾನಿಯಾದ ಫ್ಲ್ಯಾಟಿನಲ್ಲಿ ಮಗ್ದಲೀನ್ ಜೊತೆ ಕೋಣೆ ಹಂಚಿಕೊಂಡವರೂ ಅದೇ ಗುಂಪಿನವರು. ಸಂಜೆ ಮಗ್ದಲೀನ್ ಮನೆಗೆ ಮರಳಿದಾಗ ಅವರ ಹಾಸಿಗೆ, ಪೆಟ್ಟಿಗೆ ಎರಡೂ ಹೊರಗಿದ್ದವು.

"ಅದು ಅಂಟುವ ಕಜ್ಜಿ ಅಲ್ಲ ಮಾರಾಯ್ರೆ ಅಂತ ಹೇಳಿದೆ. ಕೈ ತೋರಿಸಿದೆ, ಒಂದು ಗುಳ್ಳೆ ಇಲ್ಲ. ಒಂದೇ ಕೋಣೆಯಲ್ಲಿದ್ದ ಸೂಸನ್ ಬಾಗಿಲು ಹಾಕಿಕೊಂಡಳು. ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವಳು ನಾನು."

ಆ ದಿನದಿಂದ ಮದ್ದಿನ ಡಬ್ಬಗಳಿಡುವ ಸ್ಟೋರ್ ರೂಮಿನಲ್ಲೇ ಅವರ ವಾಸ. ಡಾಕ್ಟರ್ ಗುಂಪಿಗೆ ಉತ್ತರ ಬರೆದರು. ಯಾರೂ ಓದಿದಂತೆ ಕಾಣಲಿಲ್ಲ. ಇಗರ್ಜಿಯಲ್ಲಿ ಈಗಲೂ ಮಗ್ದಲೀನ್ ಕೂತ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ.

ಮೇಜಿನ ಮೇಲಿನ ನಾಯಿಯ ಮೈ ಒಣಗಿದೆ. ಅದನ್ನು ಗೂಡಿಗೆ ಬಿಟ್ಟು, ಗ್ಲೌಸ್ ಕಳಚುತ್ತಾರೆ. ಇಂಥ ಲೇಖನಗಳಲ್ಲಿ ಕೆಲವರು ಹೆಸರು ಬೇಡ ಅನ್ನುತ್ತಾರೆ. ಬದಲಿಸಲೇ ಎಂದು ಕೇಳಿದೆ. ಇಡೀ ಬೆಳಗಿನಲ್ಲಿ ಮೊದಲ ಬಾರಿಗೆ ಅವರ ದನಿ ಗಡುಸಾಯಿತು.

"ಯಾಕೆ ಬದಲಿಸುದು? ಆ ಮೆಸೇಜಿನಲ್ಲಿ ಹೆಸರೇ ಇರ್ಲಿಲ್ಲ, ನಾಯಿ ಮೀಯಿಸುವ ಹೆಂಗಸು ಅಂತ ಮಾತ್ರ ಇತ್ತು. ಮೀಯಿಸುದು ಹೌದು. ನೀವು ಪೂರ್ತಿ ಬರೀರಿ, ಮಗ್ದಲೀನ್ ಕ್ವಾಡ್ರಸ್ ಅಂತ."