ಆಯಿಯ ಬಾವಿ, ಅಪ್ಪನ ಉಗುರು

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲ ಮನುಷ್ಯ ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಇಂದಿಗೂ ಸಂಕೋಚವಿಲ್ಲ. ಧಾರವಾಡದಲ್ಲಿ ಇದ್ದ ಒಂದೇ ಧೋತರವನ್ನು ಒಗೆದು ಹಾಕಿ, ಅದು ಒಣಗುವ ತನಕ ಪಂಚೆಯ ತುಂಡು ಸುತ್ತಿಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿ ಓದಿದವನು ನಾನು. ಅಪ್ಪ ಅಂಕಲಗಿಯಲ್ಲಿ ನೇಕಾರರ ನೂಲಿಗೆ ನೀಲಿ ಬಣ್ಣ ಹಾಕುತ್ತಿದ್ದ. ಮೊಣಕೈಯವರೆಗೆ ಅವನ ಕೈ ನೀಲಿ. ಅಪ್ಪಂದಿರ ಕೈ ಇರುವುದೇ ಹಾಗೆ ಎಂದು ಸಣ್ಣವನಿದ್ದಾಗ ನಾನು ತಿಳಿದಿದ್ದೆ.

ಡಬ್ಬಿಯಲ್ಲಿ ಬರುವ ಜರ್ಮನ್ ಬಣ್ಣ ಪೇಟೆಗೆ ಬಂದಮೇಲೆ ಅಪ್ಪನ ಕಸುಬು ಸೊರಗಿತು. ನನಗೆ ಗೋಕಾಕದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಾಗ, ಇನ್ನು ಸಾಕು ಬಾ ಎಂದು ಅವನನ್ನೂ ಅವ್ವನನ್ನೂ ಕರೆಸಿಕೊಂಡೆ. ನೀಲಿಯ ನೀರನ್ನು ಹುಳಿ ಬರಿಸಿ ನೂಲು ಅದ್ದುವ, ನೆಲದಲ್ಲಿ ಹೂತ ಗುಡಾಣವನ್ನು ಅಪ್ಪ ತನ್ನ ತಮ್ಮನಿಗೆ, ಅಂದರೆ ನಮ್ಮ ಕಾಕಾನಿಗೆ ಒಪ್ಪಿಸಿ ಬಂದ. ಬರುವಾಗ ಮಗುವನ್ನು ಬಿಟ್ಟು ಬಂದವನ ಹಾಗೆ ನೂರೆಂಟು ಮಾತು ಹೇಳಿ ಬಂದನಂತೆ.

ಬಾಡಿಗೆಯ ಕೋಣೆಯಲ್ಲಿ ಎಷ್ಟು ದಿನ? ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಆ ಓಣಿಯಲ್ಲಿ ಮೊದಲು ಬರೇ ಜೈನ ವ್ಯಾಪಾರಿಗಳ ಮನೆಗಳಿದ್ದವು. ಮೋಟಾರು ಬಸ್ಸು ಓಡತೊಡಗಿದ ಮೇಲೆ ಒಬ್ಬೊಬ್ಬರೇ ದೊಡ್ಡ ರಸ್ತೆಯ ಬದಿಗೆ ಹೊಸ ಮನೆ ಕಟ್ಟಿಸಿಕೊಂಡು ಹೋದರು. ಬಿಟ್ಟುಹೋದ ಮನೆಗಳಲ್ಲಿ ಒಂದು ಬೆಲ್ಲದ ಗೋದಾಮಾಯಿತು. ಇನ್ನೊಂದರ ಪಡಸಾಲೆಯಲ್ಲಿ ಹೊಲಿಗೆಯ ಯಂತ್ರಗಳು ಬಂದು ಕೂತವು. ಮತ್ತೊಂದನ್ನು ಕೋಣೆ ಕೋಣೆ ಮಾಡಿ ಗಿರಣಿಯ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟರು. ನಾನು ನೋಡಿದ ಮನೆಯ ಮಾಲಕರು ಜವಳಿ ಸಾವುಕಾರರು. ಅವರು ಸಂಕೇಶ್ವರಕ್ಕೆ ಅಂಗಡಿ ಸಮೇತ ಹೋಗಿಬಿಟ್ಟಿದ್ದರು.

ಮನೆ ಚೆನ್ನಾಗಿತ್ತು. ತೊಡಕು ಇದ್ದದ್ದು ಹಿತ್ತಿಲಿನ ಬಾವಿಯಲ್ಲಿ. ಹಿಂದೆ ಯಾವಾಗಲೋ ಅಣ್ಣತಮ್ಮಂದಿರು ಬೇರೆಯಾಗಿ ಒಂದು ಮನೆ ಎರಡಾದಾಗ, ನಡುವಿನ ಗೋಡೆ ಬಾವಿಯ ಬಾಯಿಯ ಮೇಲೆ ಕಮಾನಾಗಿ ಹಾದು ಹೋಗಿತ್ತು. ಅರ್ಧ ಬಾವಿ ಈಚೆ, ಅರ್ಧ ಆಚೆ. ಕಮಾನು ಎಷ್ಟು ತಗ್ಗೆಂದರೆ, ಎರಡೂ ಕಡೆಯವರು ಒಮ್ಮೆಲೇ ನೀರು ಸೇದಲು ನಿಂತರೆ ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ. ಹಗ್ಗ ಹಿಡಿದ ಕೈಗಳಷ್ಟೇ ಕಾಣುತ್ತಿದ್ದವು.

ಆಚೆ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಓಣಿಯೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಅವರ ಮಗ ಅಡತಿ ವ್ಯಾಪಾರಿ. ಅವನೂ ರಸ್ತೆಯ ಬದಿಗೆ ಮನೆ ಮಾಡಿದ್ದ. ಆಯಿ ಮಾತ್ರ ಹೋಗಿರಲಿಲ್ಲ. ಪಾಲುಬಾವಿಯ ಮನೆ ಮಾರುವಾಗ ಆಚೆಯವರ ಒಪ್ಪಿಗೆ ಇಲ್ಲದೆ ಮಾರಬಾರದು ಎಂಬುದು ಅಲ್ಲಿಯ ರೂಢಿ. ಜವಳಿ ಸಾವುಕಾರರು ನಮ್ಮನ್ನು ಆಯಿಯ ಕಟ್ಟೆಯ ಮೇಲೆ ಕೂಡಿಸಿದರು. ಆಯಿಯ ಮಗನೂ ಬಂದಿದ್ದ. ಆ ಮನೆಯನ್ನು ತಾನೇ ಕೊಂಡು ಬೆಲ್ಲ ತುಂಬಬೇಕೆಂದು ಅವನಿಗಿತ್ತು.

"ಮಾಸ್ತರ, ನೀವು ಓದಿದವರು. ನಿಮ್ಮ ಚಿಂತಿ ನಂಗಿಲ್ಲ," ಎಂದರು ಆಯಿ. "ಬಾವಿ ಹಗ್ಗ ಹಿಡಿಯೋರು ಯಾರು?"

"ನಮ್ಮವ್ವರಿ. ಒಮ್ಮೊಮ್ಮೆ ನಮ್ಮಪ್ಪ."

"ಅವರೇನ ಮಾಡತಾರ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎರಡೂ ಕೈ ಮುಂದೆ ಚಾಚಿದ. "ಇದನ್ನ ಮಾಡತಿದ್ನಿರಿ. ಈಗ ಬಿಟ್ಟೇನಿ."

ಆಯಿ ಸೆರಗು ಒಳಗೆ ಎಳೆದುಕೊಂಡರು. ಜೈನರಾದ ಅವರ ಮತದಲ್ಲಿ ನೀಲಿಯ ಕಸುಬು ಪಾಪದ ಕಸುಬು. ವಾರಗಟ್ಟಲೆ ಹುಳಿ ಬರಿಸುವ ನೀರಿನಲ್ಲಿ ಎಷ್ಟು ಹುಳ ಹುಟ್ಟಿ ಎಷ್ಟು ಸಾಯುತ್ತವೋ!

"ಬಿಟ್ಟೇನಿ ಅಂತ ಎಲ್ಲಾರೂ ಅಂತಾರ. ಇಂವಾನೂ ತಂಬಾಕ ಬಿಟ್ಟೇನಿ ಅಂತಾನ," ಎಂದು ಮಗನತ್ತ ಗದ್ದ ಎತ್ತಿದರು. "ಬಾಯಿ ಮಾತ ನಾ ನಂಬೂದಿಲ್ಲ. ಚರ್ಮದ ಬಣ್ಣ ತಿಕ್ಕಿದ್ರ ಹೋಗತೈತಿ. ಉಗುರಿಂದು ಹೋಗೂದಿಲ್ಲ, ಉಗುರು ಬೆಳದ ಹೋಗಬೇಕ. ಈ ಚೌಮಾಸ ಬಾಡಿಗಿಗೆ ಇದ್ದ ನೋಡ್ರಿ. ದೀವಳಿಗಿಗೆ ಅವರ ಉಗುರು ಬೆಳ್ಳಗ ಕಂಡ್ರ ನನ್ನ ತಕರಾರ ಇಲ್ಲ."

"ಅವ್ವಾ, ಇಷ್ಟೆಲ್ಲಾ ಯಾಕ? ಗೋದಾಮಿಗೆ ಉಗುರ ಇರೂದಿಲ್ಲ," ಎಂದ ಮಗ.

"ಗೋದಾಮಿಗೆ ಇರಿವಿ ಇರತಾವ. ಸುಮ್ನಿರು."

ಹೀಗೆ ಮಳೆಗಾಲದ ಆ ನಾಲ್ಕು ತಿಂಗಳು ನಾವು ಆ ಮನೆಯಲ್ಲಿ ಉಸಿರು ಬಿಗಿಹಿಡಿದು ಇದ್ದೆವು. ಆಯಿ ಬೇಡ ಎಂದರೆ ದೀಪಾವಳಿಯ ಮರುದಿನ ಗಂಟುಮೂಟೆ ಕಟ್ಟಬೇಕು. ನಾವು ಬಿಟ್ಟ ಬಾಡಿಗೆಯ ಕೋಣೆಯಲ್ಲಿ ಆಗಲೇ ಗಿರಣಿಯವರು ಒಲೆ ಹೂಡಿದ್ದರು. ಊರಿನಲ್ಲಿ ಬೇರೆ ಕೋಣೆ ಸಿಗುವಂತಿರಲಿಲ್ಲ. ಹುಡುಗರಿಗೆ ಚರಿತ್ರೆ ಹೇಳುತ್ತ ನಿಂತಾಗಲೂ ನನ್ನ ತಲೆಯಲ್ಲಿ ಅಪ್ಪನ ಉಗುರುಗಳೇ. ಉಣ್ಣಲು ಕೂತಾಗ ಕಳ್ಳನೋಟದಿಂದ ನೋಡುತ್ತಿದ್ದೆ. ಬುಡದಲ್ಲಿ ಬೆಳ್ಳಗೆ ಒಂದು ಗೆರೆ ಮೂಡಿತು. ಗೆರೆ ಅಗಲವಾಯಿತು. ಒಂದು ದಿನ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ: "ಲೇ ತಮ್ಮಾ, ಉಣ್ಣಾಕ ಬಿಡತೀಯೋ, ಉಗುರು ಕಡದ ಕೈಯಾಗ ಕೊಡಲ್ಯೋ?"

ಅವ್ವ ಆಯಿಯ ಮಾತನ್ನು ಒಂದೂ ಬಿಡದೆ ಪಾಲಿಸಿದಳು. ಹೊತ್ತು ಮುಳುಗಿದ ಮೇಲೆ ಕೊಡ ಇಳಿಸಬಾರದು. ಸೇದಿದ ನೀರನ್ನು ದಪ್ಪ ಅರಿವೆಯಲ್ಲಿ ಸೋಸಬೇಕು. ಅರಿವೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯದ ಹಾಗೆ ಅದನ್ನು ತಿರುವಿ ಜಾಲಾಡಿ, ಆ ನೀರನ್ನು ಮೆಲ್ಲಗೆ ಬಾವಿಗೆ ಇಳಿಸಬೇಕು. ಪಾಲಿಸುವುದರಲ್ಲಿ ಅವ್ವ ಒಂದು ಹೆಜ್ಜೆ ಮುಂದೆ ಹೋದಳು. ಆ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ ಹೊಳೆಯಿಂದ ನೀರು ತರುತ್ತಿದ್ದಳು. ಬಾವಿಯ ನೀರನ್ನು ಸೋಸಿ ಹೊಳೆಯದನ್ನು ಬಿಟ್ಟರೆ ಆಯಿ ಏನೆಂದುಕೊಂಡಾರು ಎಂದು ಅದನ್ನೂ ಸೋಸಿ, ಜಾಲಾಡಿ, ಭಕ್ತಿಯಿಂದ ಬಾವಿಗೇ ಬಿಟ್ಟಳು. ಆಗ ನಾನು ಹಿತ್ತಿಲಿನಲ್ಲಿ ಹಲ್ಲುಜ್ಜುತ್ತಿದ್ದೆ. ಕಮಾನಿನ ಆಚೆಯಿಂದ ದನಿ ಬಂತು.

"ಯವ್ವಾ, ಇವತ್ತ ನೀ ಇನ್ನೂ ಬಾವ್ಯಾಗ ಕೊಡಾನ ಇಳಿಸಿಲ್ಲ. ಈಗ ಏನ ಬಿಟ್ಟಿ?"

"ಅರಿವಿ ಜಾಲಾಡಿದ ನೀರರಿ ಆಯಿ. ಹೊಳಿ ನೀರಿಂದು."

ಆಚೆ ಕಡೆ ಹಗ್ಗ ಹಿಡಿದ ಕೈ ನಿಂತುಬಿಟ್ಟಿತು.

"ಹೊಳಿ ಜೀವ ತಂದು ಬಾವ್ಯಾಗ ಬಿಟ್ಯಾ? ಹೊಳಿದ್ದು ಹೊಳಿಗೇ ಹೋಗಬೇಕವ್ವಾ! ಇಲ್ಲಿ ಬದುಕತಾವೇನ ಅವು?"

ಅವ್ವನಿಗೆ ಹೆದರಿಕೆಯಾದಾಗಲೇ ನಾಲಿಗೆ ಹೆಚ್ಚು ಓಡುವುದು. "ನಮ್ಮನ್ನೂ ನನ್ನ ಮಗ ಅಂಕಲಗಿಂದ ತಂದು ಇಲ್ಲಿ ಬಿಟ್ಟಾನಲ್ರಿ. ನಾವ ಬದುಕೇವಿ," ಎಂದುಬಿಟ್ಟಳು.

ಮುಗಿಯಿತು ಮನೆ, ಎಂದುಕೊಂಡೆ. ಆಯಿ ಹಗ್ಗ ಬಿಟ್ಟು ಒಳಗೆ ಹೋದರು. ಮರುದಿನ ಆ ಜೀವಗಳ ಪಾಪಕ್ಕೆಂದು ಅವರು ಉಪವಾಸ ಕೂತರೆಂದು ತಿಳಿಯಿತು. ತಪ್ಪು ತನ್ನದು, ಹಸಿವು ಅವರದು ಎಂದು ಅವ್ವನೂ ಒಲೆ ಹೊತ್ತಿಸಲಿಲ್ಲ. ಅಪ್ಪನಿಗೂ ನನಗೂ ಚುರುಮುರಿಯೇ ಗತಿಯಾಯಿತು. ಅದರ ಮರುದಿನ ಕಮಾನಿನ ಕೆಳಗಿನಿಂದ ಒಂದು ಸುಕ್ಕುಗಟ್ಟಿದ ಕೈ ಬೆಲ್ಲದ ತುಂಡು ಹಿಡಿದು ಈಚೆ ಬಂತು. "ನೀ ಯಾಕ ಉಪವಾಸ ಮಾಡಿದಿ, ಹುಚ್ಚಿ? ತಗೋ." ಅಂದಿನಿಂದ ಅವ್ವ ಸೋಸಿದ ಹೊಳೆಯ ನೀರಿನ ಜೀವಗಳನ್ನು ತಂಬಿಗೆಯಲ್ಲಿ ಹಿಡಿದು ಹೊಳೆಗೇ ಒಯ್ದು ಬಿಟ್ಟು ಬರುತ್ತಿದ್ದಳು.

ನನಗೆ ತುಸು ಧೈರ್ಯ ಬಂತು. ಅಪ್ಪನ ಉಗುರಿನ ತುದಿಯಲ್ಲಷ್ಟೇ ನೀಲಿ ಉಳಿದಿತ್ತು. ಆದರೆ ಅಪ್ಪನೇ ಬೇರೆಯಾಗುತ್ತಿದ್ದ. ಮಾಡಲು ಕೆಲಸವಿಲ್ಲ. ನೀಲಿಗೆ ಬೇಕಾಗುವ ಸುಣ್ಣ ಸುಡುವ ಭಟ್ಟಿಯ ಮುಂದೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ. ಅಷ್ಟರಲ್ಲಿ ಯುದ್ಧ ಶುರುವಾಗಿ ಜರ್ಮನ್ ಡಬ್ಬಿಗಳು ಬರುವುದು ನಿಂತಿತ್ತು. ನೇಕಾರರು ಹಳೆಯ ನೀಲಿಯನ್ನೇ ಹುಡುಕಿಕೊಂಡು ಅಂಕಲಗಿಗೆ ಹೋಗತೊಡಗಿದ್ದರು. ಅದನ್ನು ಕೇಳಿದಾಗ ಅಪ್ಪನ ಮುಖ ಅರಳಿದ್ದನ್ನು ಕಂಡು ನಾನು ಮತ್ತೆ ಅವನ ಉಗುರು ನೋಡಿದೆ.

ದೀಪಾವಳಿ ಹತ್ತಿರ ಬಂದಾಗ ಕಾಕಾ ಬಂದ. ನಾನು ಸಾಲೆಯಲ್ಲಿದ್ದೆ. ಸಂಜೆ ಮನೆಗೆ ಬಂದರೆ ಅಪ್ಪನಿಲ್ಲ.

"ಗುಡಾಣ ಸಾಯಾಕತ್ತೈತೆಂತ. ಹುಳಿ ಬರವಲ್ದಂತ. ಮ್ಯಾಲಿನ ಬುರುಗು ಬೆಳ್ಳಗಾಗೇತೆಂತ. ಹೋದ್ರು," ಎಂದಳು ಅವ್ವ.

"ಮತ್ತ ಕೈ?"

"ಕೈ ಇಲ್ಲೇ ಬಿಟ್ಟ ಹೋಗಾಕ ಬರತೈತೇನೋ?"

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ನೋಡಿ ಹೇಳಿ ಬರಲಿ, ಮುಟ್ಟದಿರಲಿ ಎಂದು ಬೇಡಿಕೊಂಡೆ. ಅಪ್ಪ ಬಸ್ಸಿನಿಂದ ಇಳಿದು ಬಂದ. ಮೊಣಕೈಯವರೆಗೆ ನೀಲಿ. ಉಗುರುಗಳು ಮಸಿಯ ಹಾಗೆ ಕಪ್ಪಿಟ್ಟಿದ್ದವು. ಮುಖದಲ್ಲಿ ಮಾತ್ರ ಹತ್ತು ವರ್ಷ ಕಡಿಮೆಯಾಗಿತ್ತು.

ನಾನು ಕೂಗಾಡಿದೆ. ಓದಿದ್ದು, ಹಸಿದದ್ದು, ಎಲ್ಲ ಎತ್ತಿ ಆಡಿದೆ. ಅವ್ವ ಹುಣಸೆಹಣ್ಣು, ಬೂದಿ ತಂದಿಟ್ಟಳು. ಉಗುರು ಬುಡಮಟ ಕತ್ತರಿಸು ಎಂದಳು. ಅಪ್ಪ ಎಲ್ಲ ಕೇಳಿಸಿಕೊಂಡ.

"ಸುಣ್ಣ ಹೆಚ್ಚ ಬಿದ್ದಿತ್ತು. ತಗಚಿ ಬೀಜ ಕುದಿಸಿ ಹಾಕಿ, ಬೆಲ್ಲಾ ಹಾಕಿ, ಕೈಲೇ ತಿರುವಿದೆ. ಏಳನೇ ದಿನಕ್ಕ ಉಸುರ ಬಂತು," ಎಂದ. ಆಮೇಲೆ ಎದ್ದು ನೇರ ಹಿತ್ತಿಲಿಗೆ ಹೋದ. ಕಮಾನಿನ ಕೆಳಗೆ ಎರಡೂ ಕೈ ಚಾಚಿ ಕರೆದ: "ಆಯಿ, ನೋಡ್ರಿಲ್ಲಿ."

ಆಯಿ ಕಮಾನಿನ ಹತ್ತಿರ ಬಂದರು.

"ಯಾಕ ಹೋದ್ರಿ?"

"ಸಾಯಾಕತ್ತಿತ್ತರಿ. ನನ್ನ ಅಪ್ಪ ಹೂಡಿದ ಗುಡಾಣ. ಅದರಾಗ ಜೀವ ಐತಿ. ಉಳಿಸಿ ಬಂದ್ನಿ."

ಜೀವದ ಮಾತು ಆಯಿಗೆ ನಾಟೀತು ಎಂದು ನನಗೆ ಒಂದು ಗಳಿಗೆ ಆಸೆ ಹುಟ್ಟಿತು.

"ಜೀವ ಐತಿ ಅಂತ ನೀವ ಅಂತೀರಿ," ಎಂದರು ಆಯಿ. "ಹಂಗಾರ ದಿನಾ ಅದರಾಗ ನೂಲ ಅದ್ದಿ ಹಿಂಡೂದು ಪಾಪ ಅನ್ನೂದನ್ನೂ ನೀವ ಒಪ್ಪಿದಂಗಾತು."

ಅಪ್ಪ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ.

ದೀಪಾವಳಿಯ ಪಾಡ್ಯಕ್ಕೆ ಜವಳಿ ಸಾವುಕಾರರು ಸಂಕೇಶ್ವರದಿಂದ ಬಂದರು. ಮತ್ತೆ ಅದೇ ಕಟ್ಟೆ, ಅದೇ ಜನ. ಆಯಿಯ ಮಗ ಹೊಸ ರುಮಾಲು ಸುತ್ತಿದ್ದ. ಅಪ್ಪ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡೇ ಕೂತ. ಅಂಗಿಯ ತೋಳನ್ನೂ ಇಳಿಸಿರಲಿಲ್ಲ. ಸಾಮಾನು ಎಲ್ಲಿ ಇಳಿಸುವುದು, ಅವ್ವನನ್ನು ಯಾರ ಮನೆಯಲ್ಲಿ ಬಿಡುವುದು ಎಂದು ನಾನು ಮನಸ್ಸಿನಲ್ಲೇ ಗುಣಾಕಾರ ಹಾಕುತ್ತಿದ್ದೆ.

"ಏನಂತೀರಿ ಆಯಿ?" ಎಂದು ಸಾವುಕಾರರು ಕೇಳಿದರು.

"ಅನ್ನೂದೇನೈತಿ? ಅವ್ವ ಹೇಳಿದ್ದು ಉಗುರು. ಉಗುರು ಕಾಣಸ್ತೈತಲ್ಲ," ಎಂದ ಮಗ.

"ನಿನ್ನ ಕೇಳಿಲ್ಲ ಅವರು." ಆಯಿ ಅಪ್ಪನ ಕೈಗಳನ್ನೇ ನೋಡುತ್ತ ಹೇಳಿದರು: "ಇವರು ತಿಕ್ಕಿ ತೊಳಕೊಂಡ, ಉಗುರ ಕತ್ತರಿಸಿಕೊಂಡ ಬಂದಿದ್ರ ಇವತ್ತ ನಾ ಬಾಗಿಲಾ ಹಾಕಿಕೋತಿದ್ದೆ. ಮನಿ ಕೊಡ್ರಿ. ಆ ಹೆಣ್ಮಗಳು ಇರಲಿ. ಬೆಲ್ಲದ ಚೀಲದ ಕೂಡ ನಾ ಏನ ಮಾತಾಡಲಿ? ಆದ್ರ ಈ ಕಸುಬ ಇರೂತನಕ ಇವರು ಬಾವಿ ಹಗ್ಗ ಮುಟ್ಟಬಾರದು. ಇವರ ಕೈ ತೊಳದ ನೀರು ಬಾವಿ ಕಡೆ ಹರೀಬಾರದು. ಇದಕ್ಕ ಹೂಂ ಅಂದ್ರ ನನ್ನ ತಕರಾರ ಇಲ್ಲ."

ಮಗ ಕೊಂಡ ಮನೆಯಲ್ಲಿ ಅಪ್ಪ ಒಂದು ಕೊಡ ನೀರು ಸೇದುವಂತಿಲ್ಲ! "ಇಂಥಾ ಮನಿ ನಮಗ ಬ್ಯಾಡ್ರಿ," ಎಂದು ಎದ್ದುಬಿಟ್ಟೆ. ಅಪ್ಪ ನನ್ನ ಧೋತರದ ಚುಂಗು ಹಿಡಿದು ಕೆಳಗೆ ಎಳೆದ.

"ಕೂಡೋ. ಮನಿ ಅಂದ್ರ ನಿನ್ನೊಬ್ಬನ ಮಾನದ ಮಾತ ಏನು? ನಿಮ್ಮವ್ವ ಎಲ್ಲಿರಬೇಕ?" ಎಂದ. ಆಯಿಯತ್ತ ತಿರುಗಿ, "ನನ್ನ ಗುಡಾಣ ಬಿಡು ಅನ್ನೂದಿಲ್ಲಲ್ರಿ ನೀವು?" ಎಂದು ಕೇಳಿದ.

"ಅದು ನಿಮ್ಮ ಪಾಪ. ನೀವ ಹೊತ್ಕೋರಿ. ನನಗ ಬಾವಿ ಅಷ್ಟ."

"ಹೂಂ ಅಂದ್ನಿ," ಎಂದ ಅಪ್ಪ.

ಮನೆ ನಮ್ಮದಾಯಿತು. ಅಪ್ಪ ಮತ್ತೆ ಗುಡಾಣಕ್ಕೆ ಮರಳಿ, ತಿಂಗಳಲ್ಲಿ ಬಹಳ ದಿನ ಅಂಕಲಗಿಯಲ್ಲೇ ಇರುತ್ತಿದ್ದ. ಸಂತೆಯ ದಿನ ಬಸ್ಸಿಗೆ ಬರುತ್ತಿದ್ದ. ಎಲ್ಲರನ್ನೂ ಒಂದೇ ಸೂರಿನ ಕೆಳಗೆ ತರಬೇಕೆಂದು ಕೊಂಡ ಮನೆಗೆ ಅವನು ನೆಂಟನಂತೆ ಬಂದು ಹೋಗುವುದು ನನಗೆ ಎಂದೂ ರೂಢಿಯಾಗಲಿಲ್ಲ.

ಅವನು ಬಂದ ಸಂಜೆ ಹೊತ್ತು ಮುಳುಗುವ ಮೊದಲು ಅವ್ವ ನೀರು ಸೇದುತ್ತಿದ್ದಳು. ಅಪ್ಪ ಬಾವಿಗೆ ದೂರವಾಗಿ, ಬಚ್ಚಲಿನ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ಕೈ ಚಾಚುತ್ತಿದ್ದ. ಅವ್ವ ತಂಬಿಗೆಯಿಂದ ಹನಿಸುತ್ತಿದ್ದಳು.

"ಯವ್ವಾ, ನೀರ ಎತ್ತಾಗ ಹೊಂಟೈತಿ?" ಎಂದು ಆಚೆಯಿಂದ ಆಯಿ ಕೇಳುತ್ತಿದ್ದರು.

"ಓಣಿ ಕಡೆ ಕಾಲಿವಿ ತೆಗಸೇನ್ರಿ ಆಯಿ. ಅತ್ತಾಗ ಹೊಂಟೈತಿ."

ಅವ್ವ ಹಾಗೆ ಹೇಳಿದರೂ ನಾನು ಎದ್ದು ಹೋಗುತ್ತಿದ್ದೆ. ತಿಳಿನೀಲಿಯ ನೀರು ಕಲ್ಲಿನ ಸಂದಿಯಲ್ಲಿ ಒಮ್ಮೆ ತಡವರಿಸಿ ನಿಲ್ಲುತ್ತಿತ್ತು. ಅದು ಓಣಿಯ ಕಡೆಗೇ ತಿರುಗುವ ತನಕ ಅಲ್ಲಿಯೇ ನಿಂತು ನೋಡುತ್ತಿದ್ದೆ.