ಮಾವನವರ ಪಿಕಪ್‌ಗೆ ನಿಂಬೆಹಣ್ಣು

ಹಿತಕಿದ ಬೇಳೆ ಸಾರಿಗೆಂದು ನೆನೆಸಿದ ಅವರೆಕಾಳಿನ ಸಿಪ್ಪೆ ಬಿಡಿಸುತ್ತಿದ್ದೆ. ಅಂಗಳದಿಂದ ಯಜಮಾನರು ಕೂಗಿದರು: "ಬಾರೇ ಇಲ್ಲಿ, ಇಂಜಿನ್ ಸ್ಟಾರ್ಟ್ ಆಗ್ಬುಡ್ತು ಕಣೇ!"

ಅದು ನಮ್ಮ ಮಾವನವರು ತರಕಾರಿ ಸಾಗಿಸುತ್ತಿದ್ದ ಹಳೆಯ ಪಿಕಪ್. ಎರಡು ವರ್ಷದಿಂದ ಇವರು ಶ್ರೀರಾಂಪುರದ ನಮ್ಮ ಮನೆಯಂಗಳದಲ್ಲೇ ಅದನ್ನು ಬಿಚ್ಚಿ ಜೋಡಿಸುತ್ತಿದ್ದರು. ಸಂಕ್ರಾಂತಿಯೊಳಗೆ ಸ್ಟಾರ್ಟ್ ಆಗದಿದ್ದರೆ ಗುಜರಿಗೆ ಹಾಕುವುದೆಂದು ಮಾತಾಗಿ, ಗುಜರಿಯವನಿಗೆ ಹಬ್ಬದ ಮರುದಿನ ಬರಹೇಳಿಯೂ ಆಗಿತ್ತು. ಷರತ್ತು ಹಾಕಿದವಳು ನಾನೇ. ಹೇಗಾದರೂ ಸ್ಟಾರ್ಟ್ ಆಗಲಮ್ಮಾ ಎಂದು ದಿನಾ ಚಾಮುಂಡಿತಾಯಿಗೆ ಕೈಮುಗಿಯುತ್ತಿದ್ದವಳೂ ನಾನೇ.

ಓಡಿಹೋಗಿ ಕುಂಕುಮ ಹಚ್ಚಿ, ಮುಂದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು, "ಹತ್ತಿಸ್ರೀ" ಎಂದೆ. ಖುಷಿಯಲ್ಲಿ ಇವರು ಗೇರ್ ಹಾಕಿಯೇಬಿಟ್ಟರು. ಹಣ್ಣು ಅಪ್ಪಚ್ಚಿಯಾದ ಮೇಲೂ ಗಾಡಿ ನಿಲ್ಲದೆ ತುಳಸಿಕಟ್ಟೆಯ ಕಡೆ ಹೊರಟಿತು.

"ಬ್ರೇಕ್ ಹಿಡೀರೀ!"

"ಬ್ರೇಕು ಇನ್ನೂ ಜೋಡ್ಸೇ ಇಲ್ಲ ಕಣೇ!"

ತಾಯಿ ದೊಡ್ಡವಳು. ನಡುವೆ ಬಟ್ಟೆ ಒಗೆಯುವ ಕಲ್ಲಿತ್ತು. ಅದಕ್ಕೆ ಮೂತಿ ತಾಗಿಸಿ ಪಿಕಪ್ ನಿಂತಿತು. ತುಳಸಿಯ ಒಂದೆಲೆಯೂ ಅಲುಗಲಿಲ್ಲ.

ಇವರು ಕೆಳಗಿಳಿದು ನೆಗ್ಗಿದ ಬಂಪರನ್ನು ಸವರುತ್ತಾ, "ನಗು, ನಕ್ಬುಡು" ಎಂದರು.

"ಮೊದ್ಲು ಆ ಗುಜರಿಯವನಿಗೆ ಬರ್ಬೇಡ ಅಂತ ಫೋನ್ ಮಾಡ್ರೀ" ಎಂದು ನಗುತ್ತಲೇ ಹೇಳಿ, ಅನ್ನಕ್ಕಿಡಲು ಒಳಗೆ ಹೋದೆ.